ಡಬಲ್ ಡೋರ್ ಫ್ರಿಜ್, ಐದು ವರ್ಷದ ನಂತರ: ಯಾವ ಸದ್ದಿಗೆ ಹೆದರಬೇಕು, ಯಾವುದಕ್ಕೆ ಬೇಡ

ತಂಪು, ಐಸು, ಕರೆಂಟು ಬಿಲ್ಲು ಇವುಗಳ ಬಗ್ಗೆ ನನಗೆ ದೂರಿಲ್ಲ, ಹೇಳಲು ಹೆಚ್ಚೇನೂ ಇಲ್ಲ. ಆದರೆ ಈ ಫ್ರಿಜ್ ಬಂದ ಹೊಸದರಲ್ಲಿ ನಮ್ಮ ಮನೆಯಲ್ಲಿ ಮಾತಾಗಿದ್ದೆಲ್ಲ ಅದರ ಸದ್ದಿನ ಬಗ್ಗೆಯೇ. ಹಾಗಾಗಿ ಅದನ್ನೇ ಬರೆಯುತ್ತೇನೆ. ಕಂಪನಿಯ ಹೆಸರು ಬೇಡ. ಇನ್ವರ್ಟರ್ ಕಂಪ್ರೆಸರ್ (ವೇಗ ಬದಲಿಸಿಕೊಳ್ಳುವ, ತಂಪು ಮಾಡುವ ಮೋಟರು) ಇರುವ ಫ್ರಾಸ್ಟ್ ಫ್ರೀ ಫ್ರಿಜ್ ಯಾವುದಾದರೂ ಹೆಚ್ಚುಕಡಿಮೆ ಇವೇ ಸದ್ದು ಮಾಡುತ್ತದೆ.

ಮೊದಲಿದ್ದ ಸಿಂಗಲ್ ಡೋರ್ ಗುರ್ ಎಂದು ಶುರುವಾಗಿ, ನಿಲ್ಲುವಾಗ ಒಮ್ಮೆ ಮೈಯೆಲ್ಲ ನಡುಗಿಸಿ ತಣ್ಣಗಾಗುತ್ತಿತ್ತು. ಅದರ ಮೋಟರಿಗೆ ಗೊತ್ತಿದ್ದುದು ಒಂದೇ ವೇಗ. ಹೊಸದರ ಮೋಟರು ಅಗತ್ಯಕ್ಕೆ ತಕ್ಕಂತೆ ವೇಗ ಏರಿಸಿ ಇಳಿಸಿಕೊಳ್ಳುತ್ತದೆ, ಆದ್ದರಿಂದ ಬಹಳ ಹೊತ್ತು ಸಣ್ಣಗೆ ಗುಂಯ್‌ಗುಡುತ್ತಲೇ ಇರುತ್ತದೆ. ‘ಇದು ಆಫೇ ಆಗಲ್ವಲ್ಲೇ’ ಎಂದು ಅತ್ತೆ ಎಷ್ಟೋ ಸಲ ಸ್ವಿಚ್ಚಿನ ಹತ್ತಿರ ಕೈ ಒಯ್ದದ್ದುಂಟು. ಬೇಸಿಗೆಯಲ್ಲಿ ಅಥವಾ ಹಬ್ಬದ ರಾತ್ರಿ ಉಳಿದ ಅಡುಗೆಯನ್ನೆಲ್ಲ ಒಳಗೆ ತುಂಬಿದಾಗ ಈ ಗುಂಯ್ ಜೋರಾಗುತ್ತದೆ. ಒಳಗಿನದು ತಣ್ಣಗಾದ ಮೇಲೆ ತಾನಾಗಿ ಇಳಿಯುತ್ತದೆ.

ಹೆಚ್ಚು ಗಾಬರಿ ಹುಟ್ಟಿಸಿದ್ದು ಬುಳುಬುಳು ಸದ್ದು. ಮೋಟರು ನಿಂತ ಕೂಡಲೇ ಕೇಳುತ್ತದೆ, ಜತೆಗೆ ಕೆಲವೊಮ್ಮೆ ಸುಯ್ ಎಂದೂ. ಗ್ಯಾಸ್ ಸೋರುತ್ತಿದೆ ಎಂದೇ ಎಲ್ಲರೂ ತಿಳಿಯುತ್ತಾರೆ. ನಿಜಕ್ಕೂ ಅದು ಕೊಳವೆಯೊಳಗೆ ಗ್ಯಾಸ್ ಓಡಾಡುವ ಸದ್ದು. ದ್ರವವಾಗಿದ್ದದ್ದು ತೀರಾ ಸಣ್ಣ ನಳಿಗೆಯಿಂದ ನುಗ್ಗಿ, ಕುದಿದು ಆವಿಯಾಗುವಾಗಲೇ ಒಳಗಿನ ಶಾಖವನ್ನು ಹೀರಿಕೊಳ್ಳುವುದು. ಮೋಟರು ನಿಂತ ಮೇಲೂ ಎರಡು ಕಡೆಯ ಒತ್ತಡ ಸಮವಾಗುವವರೆಗೆ ಹರಿವು ಮುಂದುವರಿಯುತ್ತದೆ. ಸೋರಿಕೆಯಾಗಿದ್ದರೆ ಕಿವಿಗಿಂತ ಮೊದಲು ಹಾಲು ಹೇಳುತ್ತದೆ: ಮೋಟರು ಬಿಡುವಿಲ್ಲದೆ ಓಡಿದರೂ ತಂಪಿರುವುದಿಲ್ಲ. ಅಂದಹಾಗೆ ಹಿಂಬದಿಯ ಚೀಟಿಯಲ್ಲಿ ಆರ್600ಎ ಎಂದಿದ್ದರೆ ಒಳಗಿರುವುದು ಐಸೊಬ್ಯೂಟೇನ್, ಬೆಂಕಿ ಹಿಡಿಯುವ ಅನಿಲ. ಸಾಮಾನ್ಯವಾಗಿ ನೂರು ಗ್ರಾಂ ಕೂಡ ಇರುವುದಿಲ್ಲ, ಆದರೂ ಅಡುಗೆಮನೆಯಲ್ಲೇ ಬೆಂಕಿ ಉಗುಳುವ ಗ್ಯಾಸ್ ಟಾರ್ಚ್ ಹಚ್ಚಿ ಪೈಪು ಬೆಸೆಯಲು ಹೊರಡುವ ರಿಪೇರಿಯವರನ್ನು ತಡೆಯಿರಿ.

ಇನ್ನು ಚುಂಯ್. ಬಿಸಿ ಕಾವಲಿಗೆ ನೀರು ಚಿಮುಕಿಸಿದ ಹಾಗೆ, ಫ್ರೀಜರಿನ ಹಿಂಭಾಗದಿಂದ. ನಿಜಕ್ಕೂ ಅಲ್ಲಿ ಆಗುವುದು ಅದೇ. ಫ್ರಾಸ್ಟ್ ಫ್ರೀ ಎಂದರೆ ಹಿಮ ಕಟ್ಟುವುದೇ ಇಲ್ಲ ಎಂದಲ್ಲ, ಕಟ್ಟಿದ್ದನ್ನು ಅದೇ ಆಗಾಗ ಕರಗಿಸಿಕೊಳ್ಳುತ್ತದೆ. ಆಗ ಕಂಪ್ರೆಸರ್, ಒಳಗೆ ತಂಪು ಗಾಳಿ ಹರಡುವ ಫ್ಯಾನ್ ಎರಡೂ ನಿಲ್ಲುತ್ತವೆ, ಹಿಮ ಕಟ್ಟುವ ಕೊಳವೆ ಸುರುಳಿಯ (ಕಾಯಿಲ್) ಕೆಳಗಿನ ಹೀಟರ್ ಬಿಸಿಯಾಗುತ್ತದೆ, ಹನಿಗಳು ಅದರ ಮೇಲೆ ಬೀಳುತ್ತವೆ. ಸ್ವಲ್ಪ ಹೊತ್ತಿಗೆ ಹಿಂದಿನ ಟ್ರೇಯಲ್ಲಿ ತೊಟತೊಟ ಕೇಳಿಸುತ್ತದೆ. ಆ ನೀರು ಕಂಪ್ರೆಸರಿನ ಬಿಸಿಗೆ ಆರಬೇಕು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಗಾಳಿಯೇ ಒದ್ದೆ, ಹಾಗಾಗಿ ಬಾಗಿಲು ತೆಗೆದಾಗಲೆಲ್ಲ ತೇವ ಒಳಹೋಗುತ್ತದೆ, ಟ್ರೇ ನೀರು ಬೇಗ ಆರುವುದಿಲ್ಲ. ಡೆಂಗೆ ದಿನಗಳಲ್ಲಿ ಆಶಾ ಕಾರ್ಯಕರ್ತೆಯರು ಫ್ರಿಜ್ಜಿನ ಹಿಂದೆ ಇಣುಕಿ ನೋಡುವುದು ಸುಮ್ಮನೆ ಅಲ್ಲ, ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಡುತ್ತದೆ. ಟ್ರೇ ಹೊರಗೆ ಬರುವ ಮಾದರಿಯಾದರೆ ವಾರಕ್ಕೊಮ್ಮೆ ಚೆಲ್ಲಿ ಉಜ್ಜಿ.

ನಡುರಾತ್ರಿ ಚಟ್ ಎಂದರೆ ಏನೂ ಒಡೆದಿಲ್ಲ. ಒಳಗಿನ ಪ್ಲಾಸ್ಟಿಕ್ಕೂ ಲೋಹವೂ ಬಿಸಿ ತಂಪಿಗೆ ಹಿಗ್ಗಿ ಕುಗ್ಗುವ ಅಳತೆ ಬೇರೆ ಬೇರೆ, ಅಷ್ಟೇ. ಟಕ್ ಎಂಬುದು ಬಹುತೇಕ ರಿಲೇ, ಅಂದರೆ ಕರೆಂಟನ್ನು ತಾನಾಗಿ ಹಚ್ಚಿ ಆರಿಸುವ ಒಳಗಿನ ಸ್ವಿಚ್ಚು. ನಮ್ಮಲ್ಲಿ ಅರ್ಧ ಟಕ್‌ಗಳು ಫ್ರಿಜ್ಜಿನವೇ ಅಲ್ಲ, ಗೋಡೆಯ ಸ್ಟೆಬಿಲೈಸರಿನವು. ಹತ್ತಿರದ ಪಂಪ್‌ಸೆಟ್‌ಗಳು ಶುರುವಾದಾಗ ವೋಲ್ಟೇಜ್ ಕುಸಿದು ಅದು ಟಕಟಕ ಎನ್ನುತ್ತದೆ.

ಕಟಕಟ ನಡುಕ ಹೊಸ ಫ್ರಿಜ್ಜಿನಲ್ಲಿ ಬಂದರೆ ಮೊದಲು ನೆಲ ನೋಡಿ. ನಮ್ಮದು ಹಳೆಯ ರೆಡ್ ಆಕ್ಸೈಡ್ ನೆಲ, ಏರುತಗ್ಗು. ಮುಂದಿನ ಕಾಲಿನ ಸ್ಕ್ರೂ ತಿರುಗಿಸಿ, ಗೋಡೆಯಿಂದ ಸ್ವಲ್ಪ ಈಚೆ ಎಳೆದ ಮೇಲೆ ಹೋಯಿತು. ಮುಂಭಾಗ ಕೂದಲೆಳೆಯಷ್ಟು ಎತ್ತರವಿದ್ದರೆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ, ಅದೂ ಲಾಭ. ಒಂದಕ್ಕೊಂದು ತಾಗಿದ ಗಾಜಿನ ಬಾಟಲಿಗಳು, ಮೇಲಿಟ್ಟ ತಟ್ಟೆ ಕೂಡ ಹೀಗೇ ಮೋಸ ಮಾಡುತ್ತವೆ.

ಹಾಗಾದರೆ ಕರೆ ಮಾಡಬೇಕಾದದ್ದು ಯಾವಾಗ? ಟಕ್ ಎಂದು, ಕ್ಷಣ ಹೊತ್ತು ಗುಂಯ್ ಎಂದು, ಮತ್ತೆ ಟಕ್ ಎಂದು ನಿಂತು, ಕೆಲವು ನಿಮಿಷಕ್ಕೆ ಮತ್ತೆ ಅದೇ ಆಟವಾದರೆ ಕಂಪ್ರೆಸರ್ ಶುರುವಾಗಲು ಹೆಣಗುತ್ತಿದೆ. ಸ್ವಿಚ್ ಆರಿಸಿ. ಫ್ರೀಜರಿನಿಂದ ಕರಕರ ಎಂದು ಉಜ್ಜುವ ಸದ್ದು ಬಂದರೆ ಫ್ಯಾನಿನ ರೆಕ್ಕೆಗೆ ಐಸು ತಾಗುತ್ತಿರಬಹುದು. ಹೀಟರ್ ಕೆಟ್ಟಿದ್ದರೆ ಅಥವಾ ನೀರು ಹೋಗುವ ರಂಧ್ರ ಕಟ್ಟಿಕೊಂಡಿದ್ದರೆ ಹಾಗಾಗುತ್ತದೆ. ನಮಗೆ ಮೂರನೆಯ ಮಳೆಗಾಲದಲ್ಲಿ ಆದದ್ದು ಇದೇ ಎರಡನೆಯದು.

ಸದ್ದಿನ ಮಟ್ಟಿಗೆ ನನ್ನ ಅಂಕ ಐದಕ್ಕೆ ನಾಲ್ಕು. ಒಂದು ಕಳೆದದ್ದು ಫ್ಯಾನಿನ ಸದ್ದಿಗೆ. ಫ್ರಿಜ್ ಇಟ್ಟ ಹಾಲಿನಲ್ಲೇ ಮಲಗುವವರಿಗೆ ಅದು ತೊಂದರೆಯೇ. ಕೊಳ್ಳುವಾಗ ತಿಳಿಯುವ ದಾರಿಯೂ ಕಡಿಮೆ. ಯುರೋಪಿನ ಇಂಧನ ಲೇಬಲ್‌ನಲ್ಲಿ ಡೆಸಿಬಲ್ ಅಚ್ಚಾಗಿರುತ್ತದೆ, ನಮ್ಮ ಸ್ಟಾರ್ ಲೇಬಲ್‌ನಲ್ಲಿ ವರ್ಷದ ಯೂನಿಟ್ಟು ಸಿಗುತ್ತದೆಯೇ ಹೊರತು ಸದ್ದಿನ ಲೆಕ್ಕವಿಲ್ಲ. ಶೋರೂಮಿನ ಗದ್ದಲದಲ್ಲಂತೂ ಏನೂ ಕೇಳದು.

ಮೆಕ್ಯಾನಿಕ್ ಬಂದಾಗ ಸದ್ದು ಮಾಯವಾಗುವುದು ಎಲ್ಲರ ಅನುಭವ. ಸದ್ದು ಕೇಳಿದಾಗಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಮಾಡುವಾಗ ಫ್ರೀಜರ್ ಬಾಗಿಲನ್ನು ಒಮ್ಮೆ ತೆರೆಯಿರಿ. ಬಹಳಷ್ಟು ಮಾದರಿಗಳಲ್ಲಿ ಬಾಗಿಲು ತೆರೆದರೆ ಫ್ಯಾನ್ ನಿಲ್ಲುತ್ತದೆ. ಸದ್ದೂ ಆಗಲೇ ನಿಂತರೆ ಫ್ಯಾನಿನದು, ನಿಲ್ಲದಿದ್ದರೆ ಕೆಳಗಡೆ ಕಂಪ್ರೆಸರಿನ ಹತ್ತಿರ ಹುಡುಕಲು ಹೇಳಿ.