ದೇವರಾಜ ಮಾರ್ಕೆಟ್ಟಿಗೆ ರಿಕೋ ಜಿಆರ್ 3: ವರ್ಷದ ಮೇಲೆ ಬಳಸಿದವನ ಮಾತು

ಈ ಕ್ಯಾಮೆರಾ ಬಗ್ಗೆ ಬರೆಯುವುದಕ್ಕೆ ನನಗೆ ಕಾರಣ ಒಂದೇ, ಸ್ನ್ಯಾಪ್ ಫೋಕಸ್. 24 ಮೆಗಾಪಿಕ್ಸೆಲ್, ಎಪಿಎಸ್-ಸಿ ಸೆನ್ಸರ್ (ಫೋನಿನದಕ್ಕಿಂತ ಎಷ್ಟೋ ದೊಡ್ಡದು), 28 ಎಂಎಂಗೆ ಸಮನಾದ, ಅಂದರೆ ಅಗಲವಾಗಿ ಕಾಣುವ ಲೆನ್ಸ್, ಇವನ್ನೆಲ್ಲ ನೀವು ಆಗಲೇ ಓದಿರುತ್ತೀರಿ. ಇದು ಬಂದಿದ್ದು 2019ರಲ್ಲಿ. ನಾನು ತೆಗೆದುಕೊಂಡಿದ್ದು ಸೆಕೆಂಡ್ ಹ್ಯಾಂಡ್. ಅದಕ್ಕೂ ಹಳೆ ಸ್ಕೂಟರಿನಷ್ಟು ದುಡ್ಡಾಯಿತು, ಮನೆಯಲ್ಲಿ ಆ ಮಾತು ಇನ್ನೂ ಪೂರ್ತಿ ಮುಗಿದಿಲ್ಲ.

ಸ್ನ್ಯಾಪ್ ಫೋಕಸ್ ಅಂದರೆ, ಎಷ್ಟು ದೂರಕ್ಕೆ ಫೋಕಸ್ ಆಗಬೇಕು ಅಂತ ಮೊದಲೇ ಹೇಳಿಡುವುದು. ನಾನು ಎರಡು ಮೀಟರ್‌ಗೆ ಇಟ್ಟಿದ್ದೇನೆ, ಎಫ್/8 (ಅಂದರೆ ಲೆನ್ಸಿನ ಬೆಳಕಿನ ಕಿಂಡಿ ಸಣ್ಣದು). ಬಟನ್ ಅರ್ಧ ಒತ್ತಿ ಕಾಯುವ ಕೆಲಸ ಇಲ್ಲ. ಒಂದೇ ಸಲಕ್ಕೆ ಪೂರ್ತಿ ಒತ್ತಿದರೆ ಅದು ಫೋಕಸ್ ಹುಡುಕುತ್ತಾ ಕೂರುವುದಿಲ್ಲ, ನೇರ ಎರಡು ಮೀಟರ್‌ಗೆ ಹೋಗಿ ಫೋಟೋ ತೆಗೆದುಬಿಡುತ್ತದೆ. ಲೆನ್ಸ್ ಅಗಲದ್ದು, ಜೊತೆಗೆ ಎಫ್/8, ಹಾಗಾಗಿ ಸುಮಾರು ಒಂದು ಮೀಟರಿಂದ ಆಚೆ ಇರುವುದೆಲ್ಲ ಹೆಚ್ಚುಕಮ್ಮಿ ಸ್ಪಷ್ಟವಾಗೇ ಬರುತ್ತದೆ.

ಇದರ ಬೆಲೆ ಗೊತ್ತಾಗುವುದು ಮೈಸೂರಿನ ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲಲ್ಲಿ. ಬೆಳಿಗ್ಗೆ ಹೂವಿನವರು ಮೊಳ ಹಾಕುವುದನ್ನು ನೋಡಿದ್ದೀರಲ್ವಾ? ಮಾಲೆಯ ತುದಿ ಮೊಣಕೈಗೆ ಒತ್ತಿ, ಬೆರಳ ತುದಿವರೆಗೆ ಎಳೆದು, ಅಲ್ಲಿಂದ ಮತ್ತೆ ಇನ್ನೊಂದು ಮೊಳ, ಮನಸ್ಸಾದರೆ ಮೇಲೆ ನಾಲ್ಕು ಹೂವಿನಷ್ಟು ಕೊಸರು, ದಾರ ಕತ್ತರಿಸಿ ಎಲೆಯಲ್ಲಿ ಸುತ್ತಿ ಕೊಟ್ಟಾಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಕೊಸರು ಬಿಡುವಾಗ ಕೊಳ್ಳುವವರ ಮುಖ ಸಡಿಲವಾಗುತ್ತದೆ ನೋಡಿ, ನನಗೆ ಬೇಕಾಗಿದ್ದು ಅದು. ಹಳೆಯ ಡಿಎಸ್‌ಎಲ್‌ಆರ್‌ನಲ್ಲಿ ಅಷ್ಟು ಹೊತ್ತಿಗೆ ಫೋಕಸ್ ಹಿಂದಿನ ಸೇವಂತಿಗೆ ರಾಶಿಗೆ ಹೋಗಿ ಕೂತಿರುತ್ತಿತ್ತು. ಇದರಲ್ಲಿ ಸಿಗುತ್ತಿದೆ. ಎಲ್ಲ ಸಲ ಅಲ್ಲ, ಆದರೆ ಸಿಗುತ್ತಿದೆ.

ಆ ದೊಡ್ಡ ಕ್ಯಾಮೆರಾದಲ್ಲಿ ಇನ್ನೊಂದು ಕಾಟ ಇತ್ತು. ಎತ್ತಿದ ಕೂಡಲೇ "ಯಾವ್ ಪೇಪರ್‌ಗೆ ಸಾ? ಯಾವತ್ತು ಬತ್ತದೆ?" ಅಂತ ಕೇಳಿ, ಸೆರಗು ಸರಿ ಮಾಡಿಕೊಂಡು, ಪಾಸ್‌ಪೋರ್ಟ್ ಫೋಟೋಗೆ ಕೂತ ಹಾಗೆ ಕೂತುಬಿಡುತ್ತಿದ್ದರು. ಇದು ಬ್ಯಾಟರಿ, ಕಾರ್ಡ್ ಎಲ್ಲ ಸೇರಿ 257 ಗ್ರಾಂ. ಅಂಗೈಯಲ್ಲೇ ಅಡಗುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹಾಗಂತ ಕದ್ದು ತೆಗೆಯುತ್ತೇನೆ ಅಂದುಕೊಳ್ಳಬೇಡಿ. ನೋಡಿದವರಿಗೆ ತೋರಿಸುತ್ತೇನೆ, ಬೇಡ ಅಂದರೆ ಎದುರಿಗೇ ಅಳಿಸುತ್ತೇನೆ, ಚೆನ್ನಾಗಿ ಬಂದಿದ್ದನ್ನು ಪ್ರಿಂಟ್ ಹಾಕಿಸಿ ಕೊಟ್ಟು ಬರುತ್ತೇನೆ. ಪ್ರಿಂಟ್ ಕೊಟ್ಟ ಮೇಲೆ ಆ ಸಾಲಲ್ಲಿ ನನಗೆ ಹೂವಿಗೂ ಕೊಸರು ಜಾಸ್ತಿ!

ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಇಲ್ಲ, ಸ್ಕ್ರೀನ್ ಓರೆ ಮಾಡಲು ಬರುವುದಿಲ್ಲ. ಬಿಸಿಲೇರಿದ ಮೇಲೆ ಚಿಕ್ಕ ಗಡಿಯಾರದ ಹತ್ತಿರ ನಿಂತರೆ ಸ್ಕ್ರೀನಲ್ಲಿ ಕಾಣುವುದು ನನ್ನ ಮುಖವೇ. ಈಗ ಸುಮ್ನೆ ಎದೆ ಮಟ್ಟದಲ್ಲಿ ಹಿಡಿದು ಅಂದಾಜಿನ ಮೇಲೆ ಒತ್ತುತ್ತೇನೆ.

ಬ್ಯಾಟರಿ ವಿಷಯಕ್ಕೆ ಬಂದರೆ ಮಾತ್ರ ನನ್ನ ಉತ್ಸಾಹ ಇಳಿಯುತ್ತದೆ. ಒಂದು ಚಾರ್ಜಿಗೆ ಸುಮಾರು 200 ಫೋಟೋ ಅಂತ ಕಂಪನಿಯೇ ಹೇಳಿದೆ, ಅದನ್ನು ಮುಚ್ಚಿಟ್ಟಿಲ್ಲ. ಅಂದರೆ ಎರಡನೇ ಬ್ಯಾಟರಿ ಖರ್ಚನ್ನೂ ಸೇರಿಸಿಯೇ ಬಜೆಟ್ ಹಾಕಿಕೊಳ್ಳಿ. ನಾನು ಒರಿಜಿನಲ್ಲೇ ಬೇಕು ಅಂತ ಕೇಳಿ ಒಂದು ಅಂಗಡಿಯಲ್ಲಿ ತೆಗೆದುಕೊಂಡಿದ್ದೆ. "ಒರಿಜಿನಲ್ಲೇ ಸರ್, ನೋಡ್ಕೊಳಿ" ಅಂತ ಕೊಟ್ಟರು. ಕೆಲವೇ ತಿಂಗಳಲ್ಲಿ ಉಬ್ಬಿಕೊಂಡು ಒಳಗೇ ಸಿಕ್ಕಿಹಾಕಿಕೊಂಡಿತು, ಹೊರಗೆ ತೆಗೆಯುವಷ್ಟರಲ್ಲಿ ಸಾಕುಸಾಕಾಯಿತು. ಬಿಲ್ ಹಿಡಿದುಕೊಂಡು ಹೋದರೆ "ಬಿಸಿಲಲ್ಲಿ ಇಟ್ಟಿರ್ತೀರ ಬಿಡಿ" ಅನ್ನುವ ಉತ್ತರ. ಇನ್ನೂ ಮೈ ಉರಿಯುತ್ತದೆ. ಅಂದಹಾಗೆ, ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಚುಚ್ಚಬೇಡಿ, ಮತ್ತೆ ಚಾರ್ಜಿಗೂ ಹಾಕಬೇಡಿ, ಬೆಂಕಿ ಹತ್ತಬಹುದು. ಕಸದ ಬುಟ್ಟಿಗಲ್ಲ, ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಡಿ.

ಒಂದು ಪುಣ್ಯ, ಯುಎಸ್‌ಬಿ-ಸಿ ಕೇಬಲ್‌ನಲ್ಲಿ ಕ್ಯಾಮೆರಾದೊಳಗೇ ಚಾರ್ಜ್ ಆಗುತ್ತದೆ. ನನ್ನ ಕೆಲಸ ಮಂಡ್ಯದಲ್ಲಿ. ಮಾರ್ಕೆಟ್ ಮುಗಿಸಿ ರೈಲು ಹತ್ತಿ, ಕಿಟಕಿ ಸೀಟು ಸಿಕ್ಕರೆ ಅಲ್ಲೇ ಕೂತು ಬೆಳಗಿನ ಫೋಟೋಗಳನ್ನು ಒಂದೊಂದಾಗಿ ನೋಡುತ್ತಾ ಅಳಿಸುವುದು. ಶ್ರೀರಂಗಪಟ್ಟಣ ಬರುವ ಹೊತ್ತಿಗೆ ಕೆಟ್ಟವೆಲ್ಲ ಹೋಗಿರುತ್ತವೆ. ಆಮೇಲೆ ಆಫ್ ಮಾಡಿ ಪವರ್ ಬ್ಯಾಂಕಿಗೆ ಸಿಕ್ಕಿಸಿದರೆ ಮಂಡ್ಯದವರೆಗೆ ಸಂಜೆಗೆ ಸಾಕಾಗುವಷ್ಟು ಏರಿರುತ್ತದೆ. ನಿಜ ಹೇಳಬೇಕೆಂದರೆ ದಿನದಲ್ಲಿ ನನಗೆ ತುಂಬಾ ಇಷ್ಟದ ಹೊತ್ತು ಅದೇ, ಪಕ್ಕದವರು ಇಣುಕಿ ನೋಡಿ "ಇದನ್ನ ಯಾಕೆ ಅಳಿಸ್ತೀರಿ, ಚೆನ್ನಾಗೈತಲ್ಲ" ಅಂದರೂ.

ದೂಳು, ನೀರು ತಡೆಯುವ ಸೀಲ್ ಇದಕ್ಕಿಲ್ಲ. ಆನ್ ಮಾಡಿದಾಗಲೆಲ್ಲ ಲೆನ್ಸ್ ಹೊರಗೆ ಬಂದು, ಆಫ್ ಮಾಡಿದರೆ ಒಳಗೆ ಹೋಗುತ್ತದೆ. ಆದ್ದರಿಂದ ಕುಂಕುಮ, ಅರಿಶಿನದ ರಾಶಿಗಳ ಹತ್ತಿರ ನಾನು ಆನ್ ಮಾಡಿದರೆ ಆನ್ ಮಾಡಿಯೇ ಇರುತ್ತೇನೆ, ಆಚೆ ಬಂದು ಬ್ಲೋವರ್‌ನಲ್ಲಿ ನಾಲ್ಕು ಸಲ ಊದಿ, ಬ್ರಶ್ ಆಡಿಸಿ, ಆಮೇಲೆ ಆಫ್. ಬ್ಯಾಟರಿ ಉಳಿಸಬೇಕಾದವನು ಹೀಗೆ ಮಾಡಬೇಕಾಗಿ ಬಂದಿದೆ.

ಜನರ ಹತ್ತಿರ ಹೋಗಲು ಸಂಕೋಚ ಇರುವವರಿಗೆ ಇದು ಬೇಡ. ಇದರಲ್ಲಿ ಜೂಮ್ ಇಲ್ಲ, ನಾವೇ ನಡೆಯಬೇಕು. ಅಂಥವರು 2021ರಲ್ಲಿ ಬಂದ ಜಿಆರ್ 3ಎಕ್ಸ್ ನೋಡಿ, ಅದು 40 ಎಂಎಂಗೆ ಸಮ, ಸ್ವಲ್ಪ ದೂರ ನಿಂತೇ ತೆಗೆಯಬಹುದು. ಇಷ್ಟೊಂದು ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ಕೈಯಲ್ಲಿರುವ ಫೋನಲ್ಲೇ ಇನ್ನೊಂದಷ್ಟು ದಿನ ತೆಗೆಯಿರಿ, ನಷ್ಟ ಏನಿಲ್ಲ. ಮತ್ತೆ ದಸರಾಗೆ ಇದೊಂದೇ ಸಾಕಾ ಅಂತ ಕೇಳುವವರಿಗೆ: ಸಾಲದು. ಸಯ್ಯಾಜಿರಾವ್ ರಸ್ತೆಯಲ್ಲಿ ಬ್ಯಾರಿಕೇಡ್ ಹಿಂದೆ ಸಿಕ್ಕಿಹಾಕಿಕೊಂಡು ನಿಂತಾಗ ಈ ಲೆನ್ಸಲ್ಲಿ ಅಂಬಾರಿ ಬೆಂಕಿಪೊಟ್ಟಣದಷ್ಟು ಬರುತ್ತದೆ. ಆ ಒಂದು ದಿನಕ್ಕೋಸ್ಕರ ಹಳೆಯ ಡಿಎಸ್‌ಎಲ್‌ಆರ್ ಮಾರದೆ ಇಟ್ಟುಕೊಂಡಿದ್ದೇನೆ.