ಬ್ಲೆಂಡರ್ ಸೈಕಲ್ಸ್: ಮಷೀನ್ ಪಾರ್ಟ್‌ಗಳ ರೆಂಡರ್‌ಗೆ ವರ್ಷಗಟ್ಟಲೆ ಬಳಸಿದ ಮೇಲೆ

ತುಮಕೂರಿನ ಅಂತರಸನಹಳ್ಳಿ, ವಸಂತನರಸಾಪುರದ ಕಡೆಯ ವರ್ಕ್‌ಶಾಪ್‌ಗಳಿಗೆ ಕ್ಯಾಟಲಾಗ್ ಚಿತ್ರ ಮಾಡಿಕೊಡುವುದು ನನ್ನ ಕೆಲಸ. ವಾಲ್ವ್, ಗೇರ್, ಫ್ಲಾಂಜ್ ಇಂಥವೇ ಜಾಸ್ತಿ. 3ಡಿ ಸಾಫ್ಟ್‌ವೇರ್ ಬ್ಲೆಂಡರ್ ಉಚಿತ, ಮಾಡೆಲ್‌ನಿಂದ ಚಿತ್ರ ತೆಗೆಯುವ (ರೆಂಡರ್ ಮಾಡುವ) ಅದರೊಳಗಿನ ಸೈಕಲ್ಸ್ ಕೂಡ ಉಚಿತ. ಜೇಬಿಗೆ ಭಾರ ಅಂದರೆ ಗ್ರಾಫಿಕ್ಸ್ ಕಾರ್ಡ್ ಒಂದೇ.

ಮೊದಲು ಸಿಪಿಯುನಲ್ಲೇ ರೆಂಡರ್ ಮಾಡುತ್ತಿದ್ದೆ. ಎನ್‌ವಿಡಿಯಾದ ಆರ್‌ಟಿಎಕ್ಸ್ ಕಾರ್ಡ್ ಹಾಕಿ, ಬ್ಲೆಂಡರ್‌ನ ಪ್ರಿಫರೆನ್ಸಸ್‌ನಲ್ಲಿ ಆ ಕಾರ್ಡ್‌ನಿಂದ ರೆಂಡರ್ ಮಾಡಿಸುವ ಆಪ್ಟಿಕ್ಸ್ ಆರಿಸಿದ ಮೇಲೆ ವೇಗ ಚೆನ್ನಾಗಿಯೇ ಏರಿತು. ರೆಂಡರ್ ಸೆಟ್ಟಿಂಗ್‌ನಲ್ಲೂ ಡಿವೈಸ್ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಆಗಿರಬೇಕು. ಅದನ್ನು ನೋಡದೆ ಕಾರ್ಡನ್ನು ಬೈಯುವವರೇ ಜಾಸ್ತಿ.

ಆದರೂ ನನ್ನ ಮಾತು ಇಷ್ಟೇ: ಕಾರ್ಡಿಗೆ ದುಡ್ಡು ಹಾಕುವ ಮೊದಲು ಮೆಶ್ ನೋಡಿ, ಅಂದರೆ ಪಾರ್ಟಿನ ಮೇಲ್ಮೈಯ ತ್ರಿಕೋನಗಳ ಜಾಲ.

ಸೈಕಲ್ಸ್ ಬೆಳಕಿನ ಕಿರಣಗಳ ದಾರಿ ಹಿಡಿದು ಚಿತ್ರ ಮಾಡುತ್ತದೆ. ಪ್ರತಿ ಕಿರಣವೂ ಯಾವ ತ್ರಿಕೋನಕ್ಕೆ ತಾಗುತ್ತದೆ ಅಂತ ಹುಡುಕಬೇಕು. ಒಂದೊಂದನ್ನೇ ನೋಡುತ್ತಾ ಕೂತರೆ ಮುಗಿಯುವುದಿಲ್ಲ. ಅದಕ್ಕೇ ಬಿವಿಎಚ್ (ಬೌಂಡಿಂಗ್ ವಾಲ್ಯೂಮ್ ಹೈರಾರ್ಕಿ) ಇದೆ, ತ್ರಿಕೋನಗಳನ್ನು ಗುಂಪು ಮಾಡಿ ಇಟ್ಟ ಪೆಟ್ಟಿಗೆಯೊಳಗೆ ಪೆಟ್ಟಿಗೆ. ಹುಡುಕುವ ಮನೆ ಶಿರಾ ತಾಲ್ಲೂಕಿನಲ್ಲಿಲ್ಲ ಅಂದಮೇಲೆ ಅಲ್ಲಿನ ಹೋಬಳಿ, ಊರು ಸುತ್ತುವುದೇಕೆ, ಅಲ್ವಾ? ದೊಡ್ಡ ಪೆಟ್ಟಿಗೆಗೆ ಕಿರಣ ತಾಗದಿದ್ದರೆ ಒಳಗಿನದ್ದನ್ನೆಲ್ಲ ಬಿಟ್ಟು ಮುಂದೆ ಹೋಗುತ್ತದೆ. ಇದು ಹಳೇ ಉಪಾಯ, 1980ರಲ್ಲೇ ರೂಬಿನ್ ಮತ್ತು ವಿಟೆಡ್ ಇದರ ಬಗ್ಗೆ ಬರೆದಿದ್ದರು. 2018ರಲ್ಲಿ ಬಂದ ಆರ್‌ಟಿಎಕ್ಸ್ ಕಾರ್ಡ್‌ಗಳಲ್ಲಿ ಈ ಹುಡುಕಾಟಕ್ಕೆಂದೇ ಬೇರೆ ಕೋರ್‌ಗಳಿವೆ.

ಕ್ಯಾಡ್ ಮಾಡೆಲ್ ತೊಂದರೆ ಕೊಡುವುದು ಇಲ್ಲೇ. ವರ್ಕ್‌ಶಾಪ್‌ನವರು ಕೊಡುವ ಸ್ಟೆಪ್ ಫೈಲನ್ನು (ಕ್ಯಾಡ್ ವಿನ್ಯಾಸದ ಫೈಲು) ಫ್ರೀಕ್ಯಾಡ್ ಸಾಫ್ಟ್‌ವೇರಿನಲ್ಲಿ ಮೆಶ್ ಮಾಡಿ ಬ್ಲೆಂಡರ್‌ಗೆ ತರುತ್ತೇನೆ. ಉದ್ದ ಶಾಫ್ಟ್ ಇದ್ದರೆ ಈ ತುದಿಯಿಂದ ಆ ತುದಿಗೆ ಸಣಕಲು ತ್ರಿಕೋನಗಳು ಬರುತ್ತವೆ. ಅವು ಓರೆಯಾಗಿ ಕೂತರೆ ಅವುಗಳ ಪೆಟ್ಟಿಗೆ ಬಹುಪಾಲು ಖಾಲಿ. ಪಕ್ಕದ ಪೆಟ್ಟಿಗೆಯ ಮೇಲೂ ಹತ್ತಿ ಕೂರುತ್ತದೆ. ಕಿರಣ ಸುಮ್ನೆ ಎಲ್ಲವನ್ನೂ ತಡಕಾಡುತ್ತದೆ. ಶಾಫ್ಟಿಗೆ ಅಡ್ಡಡ್ಡ ಕೆಲವು ಕಟ್ ಹಾಕಿದರೆ ಪೆಟ್ಟಿಗೆಗಳು ಚಿಕ್ಕದಾಗುತ್ತವೆ. ತ್ರಿಕೋನ ಹೆಚ್ಚಾದರೂ ಹುಡುಕಾಟ ಕಡಿಮೆ!

ಬೋಲ್ಟ್‌ಗಳನ್ನು ಶಿಫ್ಟ್ ಡಿ ಬದಲು ಆಲ್ಟ್ ಡಿ ಒತ್ತಿ ಕಾಪಿ ಮಾಡಿ. ಎಲ್ಲಕ್ಕೂ ಮೆಶ್ ಒಂದೇ ಆಗಿ ಕಾರ್ಡಿನ ಮೆಮೊರಿ ಉಳಿಯುತ್ತದೆ. ಕಾರ್ಡ್ ಕೊಳ್ಳುವಾಗಲೂ ಮೊದಲು ಮೆಮೊರಿಯನ್ನೇ ನೋಡಿ.

ಚಿತ್ರದಲ್ಲಿ ಎಷ್ಟು ಕಾಳುಕಾಳು (ನಾಯ್ಸ್) ಉಳಿದರೆ ಸಾಕು ಅಂತ ಹೇಳುವ ನಾಯ್ಸ್ ಥ್ರೆಶೋಲ್ಡ್ ಡಿಫಾಲ್ಟ್ 0.01 ಇರುತ್ತದೆ. ಅದನ್ನು 0.05 ಮಾಡಿ, ಆ ಕಾಳುಗಳನ್ನು ಒರೆಸುವ ಡಿನಾಯ್ಸರ್ ಹಾಕಿದರೆ ಕ್ಯಾಟಲಾಗಿಗೆ ಸಾಕು. ಕೆತ್ತಿದ ಪಾರ್ಟ್ ನಂಬರ್ ಇದ್ದರೆ ಮಾತ್ರ ಹುಷಾರು, ಡಿನಾಯ್ಸರ್ ಅದನ್ನೂ ಒರೆಸಿಬಿಡಬಹುದು.

ಅನಿಮೇಷನ್ ಆದರೆ ನೇರ ವಿಡಿಯೋಗೆ ಹಾಕಬೇಡಿ, ಪಿಎನ್‌ಜಿ ಫ್ರೇಮ್‌ಗಳಾಗಿ ಉಳಿಸಿ. ನಮ್ಮ ಜಿಲ್ಲೆಯ ಪಾವಗಡದಲ್ಲೇ ಅಷ್ಟು ದೊಡ್ಡ ಸೋಲಾರ್ ಪಾರ್ಕ್ ಇದ್ದರೂ ನಮ್ಮ ಬೀದಿಯಲ್ಲಿ ಕರೆಂಟ್ ಹೋಗುವುದು ತಪ್ಪಿಲ್ಲ. ಫ್ರೇಮ್‌ಗಳಿದ್ದರೆ ನಿಂತಲ್ಲಿಂದ ಮತ್ತೆ ಶುರು ಮಾಡಬಹುದು.