ಹೊಸ ಟೈರ್ ಎರಡೇ ಇದ್ದರೆ ಆ ಕಾರಿನ ಹತ್ತಿರ ಹೋಗಬೇಡಿ

ಹಳೆಯ ಸ್ಪೋರ್ಟಿ ಆಲ್ ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ) ಕಾರು ಕೊಳ್ಳೋಣವೋ, ಅದೇ ದುಡ್ಡಿಗೆ ಮಾಮೂಲಿ ಸೆಡಾನ್ ಸಾಕೋ ಎಂದು ಯೋಚಿಸುತ್ತಿದ್ದೀರಾ? ಹಾಗಾದರೆ ಇದನ್ನು ಓದಿ. ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ಶಕ್ತಿ ಏರಿಸುವ ಭಾಗ) ನೋಡಿಕೊಳ್ಳಿ, ಎಂಜಿನ್ ನೋಡಿಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಜೇಬಿಗೆ ಕತ್ತರಿ ಬಿದ್ದಿದ್ದು ಟೈರ್‌ನಿಂದ.

ನಾನು ನೋಡಿದ್ದು ಮೂರು ಕಾರು. ಎರಡು ಮುಂದಿನ ಚಕ್ರಗಳಷ್ಟೇ ಎಳೆಯುವ ಸಾದಾ ಸೆಡಾನ್. ಮೂರನೆಯದು ಟರ್ಬೊ ಎಂಜಿನ್, ಮ್ಯಾನುಯಲ್ ಗೇರ್, ನಾಲ್ಕೂ ಚಕ್ರಕ್ಕೆ ಎಳೆತ. 1980ರಲ್ಲಿ ಆಡಿ ಕ್ವಾಟ್ರೊ, 1992ರಲ್ಲಿ ಸುಬಾರು ಇಂಪ್ರೆಜಾ ಡಬ್ಲ್ಯುಆರ್‌ಎಕ್ಸ್, ಅದೇ ವರ್ಷ ಮಿತ್ಸುಬಿಷಿ ಲ್ಯಾನ್ಸರ್ ಎವಲ್ಯೂಷನ್ ಹುಟ್ಟುಹಾಕಿದ ಹುಚ್ಚು ಇದೆಯಲ್ಲ, ಅದು ನನಗೂ ಇತ್ತು. ಹೊರಗಿನಿಂದ ನೋಡಿದರೆ ಮನೆಮಂದಿಯೆಲ್ಲ ಕೂತು ಹೋಗುವ ಕಾರು, ಒಳಗೆ ರ‍್ಯಾಲಿ ಯಂತ್ರ. ನಾನು ಕೊಂಡಿದ್ದು ಯಾವ ಕಂಪನಿಯದು ಎಂದು ಹೇಳುವುದಿಲ್ಲ. ತಯಾರಿಸಿದವರದು ಇದರಲ್ಲಿ ಏನೂ ತಪ್ಪಿಲ್ಲ.

ಮಾರಿದ್ದು ಹಳೆಯ ಕಾರುಗಳ ಒಬ್ಬ ಡೀಲರ್. "ಸರ್ವಿಸ್ ಎಲ್ಲಾ ಆಗಿದೆ, ಟೈರ್ ಕೂಡ ಹೊಸದು" ಎಂದರು. ಹೊಸದೇನೋ ಹೌದು, ಮುಂದಿನ ಎರಡು ಮಾತ್ರ. ಹಿಂದಿನವು ಚೆನ್ನಾಗಿ ಸವೆದಿದ್ದವು. ಓಡಿಸಿ ನೋಡಲು ಅವರು ಕರೆದುಕೊಂಡು ಹೋದದ್ದು ಉದ್ದನೆಯ ನೇರ ರಸ್ತೆಗೆ. ಅಲ್ಲಿ ಕಾರು ಬಾಣದ ಹಾಗೆ ಹೋಯಿತು.

ತೊಂದರೆ ಗೊತ್ತಾಗಿದ್ದು ಪಾರ್ಕಿಂಗ್ ಜಾಗದಲ್ಲಿ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಹೋದರೆ ಕಾರು ಯಾರೋ ಹ್ಯಾಂಡ್‌ಬ್ರೇಕ್ ಎಳೆದಂತೆ ತಡೆಯುತ್ತಿತ್ತು. ಆಮೇಲೆ ಒಂದು ನಡುಕ, ಕೆಳಗಿನಿಂದ ಕಟಕಟ ಸದ್ದು. ಡೀಲರ್‌ಗೆ ಫೋನ್ ಮಾಡಿದರೆ "ಆಲ್ ವೀಲ್ ಡ್ರೈವ್ ಅಂದ್ರೆ ಹಾಗೇ ಸರ್, ಅಭ್ಯಾಸ ಆಗುತ್ತೆ" ಎಂಬ ಉತ್ತರ.

ಹಾಗೇನೂ ಅಲ್ಲ. ಕಾರು ತಿರುಗುವಾಗ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ. ನಾಲ್ಕೂ ಚಕ್ರಕ್ಕೆ ಸದಾ ಶಕ್ತಿ ಹೋಗುವ ಕಾರಿನಲ್ಲಿ ಈ ವ್ಯತ್ಯಾಸವನ್ನು ನಡುವೆ ಯಾರಾದರೂ ನುಂಗಿಕೊಳ್ಳಬೇಕು. ಆ ಕೆಲಸ ಮುಂದಿನ, ಹಿಂದಿನ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆಯಾದ ಸೆಂಟರ್ ಡಿಫರೆನ್ಷಿಯಲ್‌ನದು. ನನ್ನ ಕಾರಿನಲ್ಲಿ ಅದರ ಜೊತೆ ವಿಸ್ಕಸ್ ಕಪ್ಲಿಂಗ್ ಇತ್ತು: ಒಂದು ಡಬ್ಬಿಯೊಳಗೆ ಸಾಲು ತಟ್ಟೆಗಳು, ಅವುಗಳ ನಡುವೆ ಗಟ್ಟಿ ಸಿಲಿಕೋನ್ ದ್ರವ. ಯಾವುದೋ ಚಕ್ರ ಜಾರಿದಾಗ ತಟ್ಟೆಗಳ ವೇಗ ಬೇರೆಯಾಗುತ್ತದೆ. ಆಗ ದ್ರವ ಬಿಸಿಯಾಗಿ ತಟ್ಟೆಗಳನ್ನು ಹಿಡಿದುಕೊಳ್ಳುತ್ತದೆ. ಇದು ಆಗಾಗ, ಸ್ವಲ್ಪ ಹೊತ್ತು ಮಾಡುವ ಕೆಲಸ.

ಈಗ ಟೈರ್ ಲೆಕ್ಕ ನೋಡಿ. ಹೊಸ ಟೈರ್‌ನ ಟ್ರೆಡ್ (ಮೇಲಿನ ಗೀರುಗಳ ಆಳ) 8 ಮಿ.ಮೀ., ಸವೆದದ್ದರಲ್ಲಿ 3 ಉಳಿದಿದೆ ಎಂದುಕೊಳ್ಳಿ. 5 ಮಿ.ಮೀ. ಅಷ್ಟೇ ಅಲ್ವಾ ಎನಿಸುತ್ತದೆ. ಸುತ್ತಳತೆಯಲ್ಲಿ ಅದು ಸುಮಾರು 31 ಮಿ.ಮೀ. ಆಗುತ್ತದೆ. ಟೈರ್‌ನ ಸುತ್ತಳತೆ ಎರಡು ಮೀಟರ್ ಇದ್ದರೆ, ಸವೆದ ಚಕ್ರ ಪ್ರತಿ ಕಿಲೋಮೀಟರಿಗೆ ಏಳೆಂಟು ಸುತ್ತು ಜಾಸ್ತಿ ಹೊಡೆಯುತ್ತದೆ. ಅಂದರೆ ನೇರ ರಸ್ತೆಯಲ್ಲೂ ಕಪ್ಲಿಂಗ್‌ಗೆ ಬಿಡುವೇ ಇಲ್ಲ. ಕೊನೆಗೆ ಅದು ಹಿಡಿದದ್ದನ್ನು ಬಿಡುವುದೇ ಇಲ್ಲ. ಆಗ ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲಾಗದೆ ಕಾರು ತಡೆಯುತ್ತದೆ, ಪಾರ್ಕಿಂಗ್ ಜಾಗದಲ್ಲಿ ನನಗೆ ಆದದ್ದು ಅದೇ. ಸುಬಾರು ಕಂಪನಿ ನಾಲ್ಕು ಟೈರ್‌ಗಳ ಸುತ್ತಳತೆ ಕಾಲು ಇಂಚಿನೊಳಗೆ, ಅಂದರೆ ಸುಮಾರು 6 ಮಿ.ಮೀ. ಒಳಗೆ ಹೊಂದಬೇಕು ಎನ್ನುವುದು ಇದಕ್ಕೇ.

ಗೇರ್‌ಬಾಕ್ಸ್ ಕೆಳಗಿಳಿಸಿ ಬಿಚ್ಚಿದ ಮೆಕ್ಯಾನಿಕ್ ಇನ್ನೊಂದು ವಿಷಯ ಹೇಳಿದರು. ಕ್ಲಚ್ ಪ್ಲೇಟ್ ಕೂಡ ಸುಟ್ಟಿತ್ತು. ಸಾದಾ ಕಾರಿನಲ್ಲಿ ಎಂಜಿನ್ ಏರಿಸಿ ಒಮ್ಮೆಲೇ ಕ್ಲಚ್ ಬಿಟ್ಟರೆ ಚಕ್ರ ಜಾರಿ ಶಕ್ತಿ ಹೊರಗೆ ಹೋಗುತ್ತದೆ. ಇಲ್ಲಿ ನಾಲ್ಕೂ ಚಕ್ರ ನೆಲ ಕಚ್ಚಿರುವುದರಿಂದ ಆ ಪೆಟ್ಟೆಲ್ಲ ಕ್ಲಚ್‌ಗೆ, ಗೇರ್‌ಗೆ. ಹಿಂದಿನ ಮಾಲೀಕರು ಸಿಗ್ನಲ್ಲಿನಲ್ಲಿ ರೇಸ್ ಆಡಿದ್ದರು ಅನ್ನಿ. ಡ್ಯಾಶ್‌ಬೋರ್ಡ್ ಪಕ್ಕ ಮೀಟರ್ ಅಂಟಿಸಿ ಕಿತ್ತ ಗೋಂದಿನ ಗುರುತೂ ಇತ್ತು, ಯಾರೋ ಟರ್ಬೊ ಒತ್ತಡ ಏರಿಸಿ ನೋಡಿದ್ದಿರಬೇಕು.

ಡೀಲರ್ ಒಂದು ಪೈಸೆ ಕೊಡಲಿಲ್ಲ. "ನೀವೇ ಓಡಿಸಿ ನೋಡಿದ್ದೀರಲ್ಲ" ಎಂದರು. ಮೇಲೆ ಅವರೇ ಕಳಿಸಿದ ಟೋಯಿಂಗ್ ಹುಡುಗ ಮುಂದಿನ ಚಕ್ರ ಎತ್ತಿ ಹಿಂದಿನದನ್ನು ರಸ್ತೆಯಲ್ಲಿ ಉರುಳಿಸಿಕೊಂಡು ಹೊರಟಿದ್ದ. ಕೂಗಿ ನಿಲ್ಲಿಸಿದೆ. ಇಂಥ ಕಾರನ್ನು ನಾಲ್ಕೂ ಚಕ್ರ ನೆಲಕ್ಕೆ ತಾಗದಂತೆ ಲಾರಿ ಮೇಲೆ ಹೇರಿಯೇ ಸಾಗಿಸಬೇಕು.

"ಸೇಫ್ಟಿಗಾಗಿ ಆಲ್ ವೀಲ್ ಡ್ರೈವ್" ಎಂದು ಕೊಳ್ಳುವವರಿಗೂ ಒಂದು ಮಾತು. ಒದ್ದೆ ರಸ್ತೆಯಲ್ಲಿ ಅದು ಚೆನ್ನಾಗಿ ಎಳೆಯುತ್ತದೆ, ನಿಜ. ನಿಲ್ಲಿಸುವಾಗ ಅದರಿಂದ ಪ್ರಯೋಜನವಿಲ್ಲ. ಬ್ರೇಕ್ ಸಾದಾ ಸೆಡಾನ್‌ನಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ. ಹಿಮದಲ್ಲೂ ಅಷ್ಟೇ, ಒಳ್ಳೆಯ ಚಳಿಗಾಲದ ಟೈರ್ ಹಾಕಿದ ಸಾದಾ ಕಾರು ಬೇಸಿಗೆ ಟೈರ್‌ನ ಆಲ್ ವೀಲ್ ಡ್ರೈವ್‌ಗಿಂತ ಬೇಗ ನಿಲ್ಲುತ್ತದೆ.

ಕೆಸರು, ಹಿಮ, ಕಡಿದಾದ ಮಣ್ಣಿನ ಏರು ದಿನಾ ಇದ್ದರೆ ಆಲ್ ವೀಲ್ ಡ್ರೈವ್ ತಗೊಳ್ಳಿ, ಬೇಡ ಎನ್ನುವುದಿಲ್ಲ. ತಿರುವಿನಿಂದ ಹೊರಬರುವಾಗಿನ ಆ ಎಳೆತ ನನಗೂ ಇನ್ನೂ ಇಷ್ಟ. ಆದರೆ ದಿನಾ ಆಫೀಸಿಗೆ, ಮನೆಗೆ ಟಾರ್ ರಸ್ತೆಯಲ್ಲಿ ಓಡಾಡುವವರಿಗೆ ಸುಮ್ನೆ ಖರ್ಚು. ತೂಕ ಜಾಸ್ತಿ, ಪೆಟ್ರೋಲ್ ಜಾಸ್ತಿ, ಹಿಂದಿನ ಡಿಫರೆನ್ಷಿಯಲ್‌ಗೆ ಬೇರೆ ಎಣ್ಣೆ. ಒಂದು ಟೈರ್ ಸೀಳಿದರೆ ನಾಲ್ಕನ್ನೂ ಬದಲಾಯಿಸುವ ಪಾಡು.

ಆದರೂ ಬೇಕೇ ಬೇಕು ಎನ್ನುವವರು ಡೀಲರ್ ಹೇಳಿದ ರಸ್ತೆಗೆ ಹೋಗಬೇಡಿ. ಖಾಲಿ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಎರಡೂ ಕಡೆಗೆ ನಿಧಾನವಾಗಿ ಸುತ್ತು ಹಾಕಿ. ಎಂಜಿನ್ ಬಿಸಿಯಾದ ಮೇಲೆ ಇನ್ನೊಮ್ಮೆ ಹಾಕಿ. ನಾಲ್ಕೂ ಟೈರ್‌ನ ಕಂಪನಿ, ಅಳತೆ, ತಯಾರಾದ ವಾರ ಓದಿಕೊಳ್ಳಿ. ಡಿಕ್ಕಿ ತೆಗೆದು ಸ್ಟೆಪ್ನಿಯ ಅಳತೆಯನ್ನೂ ನೋಡಿ. ಅದು ಚಿಕ್ಕದಿದ್ದರೆ ಎಷ್ಟು ದೂರ, ಯಾವ ಚಕ್ರದ ಜಾಗದಲ್ಲಿ ಹಾಕಬಹುದು ಎಂಬುದನ್ನು ಕಾರಿನ ಮ್ಯಾನುಯಲ್‌ನಲ್ಲಿ ಕೊಟ್ಟಿರುತ್ತಾರೆ. ಮುಂಗಡ ಕೊಡುವ ಮೊದಲೇ ಆ ಪುಟ ಓದಿ.